ನನ್ನ ತೂಕಕ್ಕೆ ತಕ್ಕ ಗಾಳಿ

ಮುನಿರಾಜಣ್ಣ,

ಆ ಶನಿವಾರ ನಿಮ್ಮ ಅಂಗಡಿಗೆ ಬಂದದ್ದು ಸೈಕಲ್ ಮಾರಲಿಕ್ಕೆ. ಸಹಕಾರನಗರದಿಂದ ಯಲಹಂಕದ ಶಾಲೆಗೆ ಹೋಗುವಷ್ಟರಲ್ಲಿ ಎರಡೂ ಮಣಿಕಟ್ಟು ಹಿಡಿದುಕೊಂಡು, ಬೋರ್ಡಿನ ಮೇಲೆ ಬರೆಯುವುದೇ ಕಷ್ಟವಾಗಿತ್ತು. ಡಾಕ್ಟರು ಸೈಕಲ್ ಬಿಟ್ಟುಬಿಡಿ ಎಂದಿದ್ದರು. ಐವತ್ತನೇ ವಯಸ್ಸಿಗೆ ಕಲಿತ ಸೈಕಲ್ಲು, ಬಿಡುವ ಸಂಕಟ ಯಾರಿಗೆ ಹೇಳಲಿ? ನೀವು ಬೆಲೆಯ ಮಾತೇ ಎತ್ತಲಿಲ್ಲ. "ಒಂದ್ಸಲ ಮೇಲೆ ಕೂತ್ಕಳಿ ಮೇಡಂ" ಎಂದಿರಿ. ಕೂತೆ. ಮುಂದಿನ ಚಕ್ರ ಹಿಡಿದು ಕುಲುಕು ತಡೆಯಬೇಕಾದ ಫೋರ್ಕು ಕೂದಲೆಳೆಯಷ್ಟೂ ತಗ್ಗಲಿಲ್ಲ.

"ಇದನ್ನ ಮುಂಚೆ ಯಾರು ಓಡಿಸ್ತಿದ್ರು?"

"ನಮ್ಮ ಪಿ.ಟಿ. ಮಾಸ್ತರ್ರಿ. ನನ್ನಂಥ ಇಬ್ಬರ ಸಮ ಅದಾರ."

"ಇಂಗಾದ್ರೆ ಕೈ ನೋಯ್ದೆ ಇನ್ನೇನು? ಫೋರ್ಕೊಳಗಿನ ಗಾಳಿ ಅವರ ತೂಕಕ್ಕೈತೆ. ಮಾರ್ಬೇಡಿ, ಬಿಟ್ಟೋಗಿ. ಆದ್ರೆ ಗಾಳಿ ಫೋರ್ಕು ನಂಗ್ ಬರಲ್ಲ. ಕಲೀಬೇಕು."

ನಲವತ್ತು ವರ್ಷ ಅದೇ ಅಂಗಡಿಯಲ್ಲಿ ಕೂತವರು, ಗಿರಾಕಿಯ ಎದುರು ಎಷ್ಟು ಸಲೀಸಾಗಿ ಹಾಗೆಂದಿರಿ. ಗೊತ್ತಿಲ್ಲದ ಪ್ರಶ್ನೆ ಬಂದರೆ "ನಾಳೆ ನೋಡೋಣ" ಎಂದು ಜಾರಿಕೊಳ್ಳುವ ಮೇಷ್ಟರಮ್ಮ ನಾನು.

ಮರುವಾರ ನೀವು ಸ್ಟೂಲು ಹಾಕಿ ಕೂರಿಸಿದಿರಿ. ಫೋರ್ಕಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು, ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಸವಾರ ಕೂತಾಗ ಫೋರ್ಕು ಕಾಲು ಭಾಗ ಇಳಿಯಬೇಕು ಎಂಬಲ್ಲಿ ಕೈ ತೋರಿಸಿ ನಿಲ್ಲಿಸಿದಿರಿ. "ಅಂದ್ರೆ ಗುಂಡಿ ಬರೋಕ್ ಮುಂಚೇನೇ ಒಸಿ ತಗ್ಗಿ ಕಾಯ್ತಿರ್ಬೇಕು." ಮೂರು ಸಲ ಓದಿದ ನನಗೆ ಅದು ಅರ್ಥವಾದದ್ದು ಆಗಲೇ.

ಮೊದಲ ಸಲ ಸರಿಹೋಗಲಿಲ್ಲ, ನೆನಪಿದೆಯಲ್ಲ? ಗಾಳಿ ತೀರಾ ಕಡಿಮೆಯಾಗಿ, ಕೊಡಿಗೇಹಳ್ಳಿ ಹತ್ತಿರ ಬ್ರೇಕು ಹಿಡಿದಾಗ ಮುಂಭಾಗ ಕುಸಿದು ಆಟೋದ ಹಿಂದಕ್ಕೆ ಹೋಗಿ ಗುದ್ದುವುದರಲ್ಲಿದ್ದೆ. ಸಿಟ್ಟಿನಿಂದ ಬಂದು ನಾಲ್ಕು ಜನರ ಮುಂದೆ ಕೂಗಾಡಿದೆ. "ತಪ್ಪು ನಂದು" ಎಂದಿರಿ, ಅಷ್ಟೇ. ಫೋರ್ಕಿನ ಕಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿ, ನನ್ನನ್ನು ಹತ್ತಿಸಿ ಇಳಿಸಿ, ಬ್ಯಾಂಡ್ ಎಷ್ಟು ಸರಿಯಿತೆಂದು ಪ್ರತಿ ಸಲ ಅಳೆದಿರಿ. ಆಮೇಲೆ ಹೆಬ್ಬೆರಳಿನಿಂದ ಟೈರು ಒತ್ತಿ, "ಇದೂ ಕಲ್ಲಾಗೈತೆ" ಎಂದು ಅದರ ಗಾಳಿಯನ್ನು ಸ್ವಲ್ಪ ಇಳಿಸಿದಿರಿ. ನನ್ನ ಕೂಗಾಟಕ್ಕೆ ಮುಖ ಕೂಡ ಸಪ್ಪಗೆ ಮಾಡಲಿಲ್ಲ. ಆ ತಾಳ್ಮೆ ನಿಮಗೆ ಎಲ್ಲಿಂದ...

ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡಲೆಂದೇ ನನ್ನ ಜೊತೆ ರಾಜಾನುಕುಂಟೆವರೆಗೆ ಬಂದಿರಿ. ಲೇಔಟಿನ ಜಲ್ಲಿ ರಸ್ತೆ ದಾಟಿದ ಮೇಲೆ "ಕೈ ಎಂಗೈತೆ?" ಎಂದಿರಿ. ಕೈ ಇರುವುದನ್ನೇ ಮರೆತಿದ್ದೆ ಅಣ್ಣ. ಆಗಲೇ ಹೇಳಬೇಕಿತ್ತು. "ಚಾ ಕುಡಿಯೋಣ ನಡೀರಿ" ಅಂದುಬಿಟ್ಟೆ. ಆ ಕೂಗಾಟಕ್ಕೆ ಕ್ಷಮೆಯನ್ನೂ ಕೇಳಲಿಲ್ಲ. ಶಾಲೆಯ ವಾರ್ಷಿಕ ಪರೀಕ್ಷೆಯ ಗಡಿಬಿಡಿ ಮುಗಿಸಿ ಬರುವಷ್ಟರಲ್ಲಿ ಅಂಗಡಿಯ ಬಾಗಿಲಿಗೆ ನಿಮ್ಮ ಫೋಟೋ ಅಂಟಿಸಿದ್ದರು. ಹೃದಯಾಘಾತವಂತೆ.

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ನೀವು ಊಟಕ್ಕೆ ಹೋದಾಗ ಪಂಕ್ಚರ್ ಹಾಕುತ್ತಿದ್ದ ನಿಮ್ಮ ಮನೆಯವರು, ಗೌರಮ್ಮ, ತಿಂಗಳ ಹಿಂದೆ ಅಂಗಡಿ ಮತ್ತೆ ತೆರೆದರು. ನಾನು ಅದೇ ಕೈಪಿಡಿ ಓದಿ ಹೇಳಿದೆ, ಫೋರ್ಕಿನ ಕೆಲಸವನ್ನು ನನ್ನ ಸೈಕಲ್ ಮೇಲೇ ಕಲಿತರು. ನನಗೆ ಅರ್ಥವಾದದ್ದಕ್ಕಿಂತ ಬೇಗ ಅವರ ಕೈಗೆ ಹತ್ತಿತು. ಮೊನ್ನೆ ದುಬಾರಿ ಸೈಕಲ್ ತಂದ ಒಬ್ಬರು ಒಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾ?" ಎಂದು ಕೇಳಿದರು.

ಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

"ನಾನೇ. ಒಳಗ್ ತನ್ನಿ."

ನಿಮ್ಮ,
ಸುನಂದಾ ಟೀಚರ್