ಗುರುವಾರದ ಸಾಲು

ಮಾರ್ಚ್ 9, ಭಾನುವಾರ. ಸಂಜೆ 7

ರೇಡಿಯೊ ಹೇಳಿದ್ದು: ಸೋಮ, ಮಂಗಳ, ಬುಧ ಒಣ ಹವೆ. ಬಿಸಿಲು ಮಾಮೂಲಿಗಿಂತ ಎರಡು ಡಿಗ್ರಿ ಜಾಸ್ತಿ. ಗುರುವಾರ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ, ಮಳೆ. ಆಮೇಲೆ ಎರಡು ದಿನ ಮೋಡ.

ನಾನು ಹೇಳಿದ್ದು: ವಾರ ಪೂರ್ತಿ ಬಿಸಿಲು. ಒಂದು ಹನಿ ಬೀಳುವುದಿಲ್ಲ.

ಎಂದಿನಂತೆ ತಂಗಿ ರೇಡಿಯೊಗೆ ಕಿವಿ ಹಚ್ಚಿ ಕೂತು ಕೇಳಿ ಹೇಳಿದಳು. ಬರೆದುಕೊಂಡೆ. ಈ ಪುಸ್ತಕ ಇಟ್ಟಿರುವುದೇ ಅದಕ್ಕೆ. ರೇಡಿಯೊದವರು ವರ್ಷಕ್ಕೆ ಎಷ್ಟು ಸಲ ಸುಳ್ಳು ಹೇಳುತ್ತಾರೆ ಎಂದು ಅವಳಿಗೆ ಒಂದು ದಿನ ಎಣಿಸಿ ಹೇಳಬೇಕು. ಬಾಯಲ್ಲಿ ಹೇಳುತ್ತೇನೆ, ಪುಸ್ತಕ ಕೊಡುವುದಿಲ್ಲ. ಹವೆಯ ಜೊತೆಗೆ ಬೇರೆ ನಾಲ್ಕು ಮಾತೂ ಇದರಲ್ಲಿ ಸೇರಿಕೊಂಡುಬಿಡುತ್ತವೆ. ನಾನೋ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನ್ನ ಅಕ್ಷರ... ನನಗೆ ಓದಲು ಬಂದರೆ ಸಾಕು.

ನಾಳೆ ವೃದ್ಧಾಶ್ರಮದ ಹಾಸಿಗೆ ಬರುತ್ತವೆ. ಮೂವತ್ತೆರಡು. ಬೇಸಿಗೆ ಕಾಲಿಟ್ಟ ಕೂಡಲೇ ಹಾಸಿಗೆ ಬಿಚ್ಚಿ, ಹತ್ತಿ ಬಿಸಿಲಿಗೆ ಹಾಕಿ, ಹಿಂಜಿ, ಮತ್ತೆ ತುಂಬಿ ಹೊಲಿಯುವುದು. ನಲವತ್ತು ವರ್ಷದಿಂದ ಇದೇ ಕೆಲಸ, ನಾನು ಮತ್ತು ತಂಗಿ. ಅಕ್ಕಪಕ್ಕದ ಮನೆಯವರು ಹಾಸಿಗೆ ಒಣಹಾಕುವ ಮುಂಚೆ ನನ್ನನ್ನು ಕೇಳುತ್ತಾರೆ — "ಅಕ್ಕಾ, ಇವತ್ತು ಹೆಂಗೆ?" ರೇಡಿಯೊವನ್ನು ಯಾರೂ ಕೇಳುವುದಿಲ್ಲ.

ಮಾರ್ಚ್ 10, ಸೋಮವಾರ. ಸಂಜೆ

ಬಿಸಿಲು. ಇಬ್ಬರೂ ಹೇಳಿದ್ದು ಸರಿ.

ಎರಡು ಗಾಡಿ ಹಾಸಿಗೆ ಬಂತು. ಒಂದು ಹಾಸಿಗೆಯ ನಡುವೆ ತೊಟ್ಟಿಲಿನ ಹಾಗೆ ಗುಂಡಿ — ಗಾರ್ಡಪ್ಪನದು. ಹಿಂದೆ ರೈಲಿನಲ್ಲಿ ಗಾರ್ಡ್ ಆಗಿದ್ದವನು, ಈಗ ಬೆನ್ನು ನೋವಿಗೆ ಸದಾ ಮಲಗಿರುತ್ತಾನೆ. ಹಾಸಿಗೆ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ.

ಹೊಲಿಗೆ ಬಿಚ್ಚಲು ಬ್ಲೇಡು ಎತ್ತಿಕೊಂಡೆ. ತಂಗಿ ಶುರು ಮಾಡಿದಳು.

"ಅಕ್ಕಾ, ಹತ್ತತ್ತೇ ಬಿಚ್ಚೋಣ. ಗುರುವಾರ ಮಳೆ ಅಂದ್ರಲ್ಲ."

"ರೇಡಿಯೊದವನು ಬಂದು ಹೊಲಿದು ಕೊಡ್ತಾನಾ?"

"ಅದಲ್ಲ ಅಕ್ಕಾ, ಅಕಸ್ಮಾತ್ ಬಂತು ಅಂದ್ರೆ..."

"ಪಾಪ, ಮುದುಕರು ಚಾಪೆ ಮೇಲೆ ಮಲಗಿದ್ದಾರೆ. ನಿನ್ನ ಹತ್ತತ್ತು ಲೆಕ್ಕ ಹಿಡಿದ್ರೆ ಮಳೆಗಾಲವೇ ಬರತ್ತೆ. ಬಿಚ್ಚು ಎಲ್ಲಾನೂ."

ಬಿಚ್ಚಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ವಿಷಯ ಹೇಳಿದಳು. ಆಶ್ರಮದಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುವ ಕೆಲಸ ಖಾಲಿ ಇದೆಯಂತೆ — ಹೊದಿಕೆ, ದಿಂಬು, ಹಾಸಿಗೆ ಬಟ್ಟೆ, ಎಲ್ಲದರ ಬೀಗದ ಕೈ. ಏಪ್ರಿಲ್ ಒಂದರಿಂದ, ಇವಳು ಕೇಳಿಟ್ಟಿದ್ದಾಳಂತೆ. ಪಕ್ಕದಲ್ಲೇ ಇರಲು ಒಂದು ರೂಮು ಕೊಡುತ್ತಾರಂತೆ. ಕಿಟಕಿ ಇದೆಯಂತೆ. ಕಿಟಕಿ ಇದೆ ಎಂದು ಎರಡು ಸಲ ಹೇಳಿದಳು.

ಈಗ ಅವಳು ಇರುವುದು ಬೇಕರಿಯ ಹಿಂದಿನ ತಗಡಿನ ಸೂರು. ಬೇಸಿಗೆಯಲ್ಲಿ ಒಳಗೆ ಬೇಕರಿಯೇ. ಬಂದು ನನ್ನ ಜೊತೆ ಇರು ಎಂದರೆ ಬರಲಿಲ್ಲ. ನನ್ನ ಬಾಯಿಗೆ ಹೆದರಿರಬೇಕು.

"ಹೂಂ" ಎಂದೆ. ಅಷ್ಟೇ. ಇನ್ನೇನು ಹೇಳಲಿ? ಅವಳು ಹೋದರೆ ಇಲ್ಲಿ ದಾರದ ಇನ್ನೊಂದು ತುದಿ ಹಿಡಿಯುವವರು ಯಾರು?

ಮಾರ್ಚ್ 12, ಬುಧವಾರ

ಕಣ್ಣು ಬಿಡಲಾಗದ ಬಿಸಿಲು. ತಾರಸಿ, ಅಂಗಳ, ಗೋಡೆಯ ನೆತ್ತಿ — ಎಲ್ಲೆಲ್ಲೂ ಹತ್ತಿ. ಆಕಾಶ ನಾನು ಹೇಳಿದ ಹಾಗೆ ಕೇಳುತ್ತಿದೆ. ದಿನವಿಡೀ ತಂಗಿಯನ್ನು ಕೆಣಕಿದೆ. "ಕೊಡೆ ತಂದಿದ್ದೀಯೇನೆ?" ನಕ್ಕಳು. ಆದರೂ ಹೋಗುವಾಗ ಟಾರ್ಪಾಲು ತಂದು ಮೆಟ್ಟಿಲ ಹತ್ತಿರ ಇಟ್ಟಳು. ಅದನ್ನೂ ಎತ್ತಿ ಒಳಗೆ ಹಾಕಿದೆ. ಅಪಶಕುನ.

ಮಾರ್ಚ್ 13, ಗುರುವಾರ. ಮಧ್ಯಾಹ್ನ 3.20

ಬಂತು.

ಅದೇ ದಿನ, ಸಂಜೆ 6

ಮೊದಲು ಗಾಳಿ. ಹತ್ತಿ ಹಕ್ಕಿಗಳ ಹಾಗೆ ಎದ್ದಿತು. ಆಮೇಲೆ ಮಳೆ, ಕೊಡದಿಂದ ಸುರಿದ ಹಾಗೆ. ಟಾರ್ಪಾಲು ಒಳಗೆ, ಹಗ್ಗದ ರಾಶಿಯ ಕೆಳಗೆ. ನಾನೇ ಹಾಕಿದ್ದು. ಎಳೆದು ತರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ತಂಗಿ ಓಡಿದಳು. ಅರವತ್ತೆರಡು ವರ್ಷದವಳು, ತಾರಸಿಯ ಮೆಟ್ಟಿಲು ಹತ್ತು ಸಲ ಹತ್ತಿ ಇಳಿದಳು, ತೋಳಿನ ತುಂಬ ಅರಳೆ. ಐದು ಹಾಸಿಗೆಯಷ್ಟು ಉಳಿಸಿದಳು. ನಾನು ಕೆಲಸದ ಷೆಡ್ಡಿನ ಬಾಗಿಲಲ್ಲಿ ನಿಂತು "ಆ ಕಡೆ, ಆ ಕಡೆ" ಎಂದು ಕಿರುಚಿದೆ. ಅದಷ್ಟೇ ನನ್ನ ಕೆಲಸ.

ನೆನೆದ ಹತ್ತಿ ಹೆಣದ ಭಾರ. ಕೆಂಪು ಮಣ್ಣು ಮೆತ್ತಿಕೊಂಡು ಗಂಟುಗಂಟಾಗಿದೆ. ಇನ್ನು ತೊಳೆದು ಒಣಗಿಸಬೇಕು, ಹಿಂಜಬೇಕು. ಬಿಸಿಲು ಬಂದರೂ ಹತ್ತು ದಿನ. ಮೋಡ ನಿಂತರೆ ಬೂಷ್ಟು ಹಿಡಿಯುತ್ತದೆ. ಅಲ್ಲಿಯವರೆಗೂ ಇಪ್ಪತ್ತೇಳು ಮುದಿಜೀವ ನೆಲದ ಮೇಲೆ.

ತಂಗಿ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅದಕ್ಕಾದರೂ ಬೈಯಬಹುದಿತ್ತು.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆಯೇ ಆಶ್ರಮದ ವಾರ್ಡನಮ್ಮ ಬಂದಳು. ಜೊತೆಗೆ ಗಾಡಿಯವನು. ಅಂಗಳ ನೋಡಿದಳು. ಬಾಯಿ ಮೇಲೆ ಕೈ ಇಟ್ಟಳು.

"ಇದೇನು ಅಕ್ಕಾ, ನಲವತ್ತು ವರ್ಷದ ಅನುಭವ ನಿಮ್ಮದು! ಮಳೆ ಬರತ್ತೆ ಅಂತ ರೇಡಿಯೊದಲ್ಲಿ ವಾರದಿಂದ ಹೇಳ್ತಿದ್ರು. ನೀವು ಕೇಳಲೇ ಇಲ್ವಾ?"

ನಾನು ಯೋಚಿಸಲೇ ಇಲ್ಲ. ನಾಲಿಗೆ ಯೋಚಿಸಿತು, ನಾನಲ್ಲ.

"ಕೇಳೋದು ಇವಳ ಕೆಲಸ. ಏನೂ ಇಲ್ಲ, ಪೂರ್ತಿ ಬಿಸಿಲು ಅಂದಳು. ಅವಳ ಮಾತು ನಂಬಿ ಬಿಚ್ಚಿದೆ."

ತಂಗಿ ತೊಟ್ಟಿಯ ಹತ್ತಿರ ಕೂತು ಹತ್ತಿ ಹಿಂಡುತ್ತಿದ್ದಳು. ತಲೆ ಎತ್ತಿದಳು. ನನ್ನನ್ನು ನೋಡಿದಳು. ಆಮೇಲೆ ವಾರ್ಡನಮ್ಮನನ್ನು.

"ಹೌದು ಮೇಡಂ. ಮಳೆ ಅಂದಿದ್ರು. ಅಕ್ಕಂಗೆ ಹೇಳೋದು ಮರೆತೆ."

ಮತ್ತೆ ಹಿಂಡತೊಡಗಿದಳು. ಗಾಡಿಯವನು ಚ್ಚು ಚ್ಚು ಎಂದ.

ಸರಿ, ಹೇಳಿಬಿಟ್ಟೆ. ಏನಾಯಿತು ಅದಕ್ಕೆ? ಒಡಹುಟ್ಟಿದವರು ಅಂದ ಮೇಲೆ ಒಬ್ಬರ ಹೊರೆ ಇನ್ನೊಬ್ಬರು ಹೊರುವುದು ಇದ್ದದ್ದೇ. ಇಡೀ ಬೀದಿ ನನ್ನನ್ನು ಕೇಳಿ ಹಾಸಿಗೆ ಹಾಕುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ. ಅವಳಿಗೇನು ನಷ್ಟ?

ಸಂಜೆ ಈ ಪುಸ್ತಕ ತೆಗೆದೆ. ಭಾನುವಾರದ ಪುಟದಲ್ಲಿ ಗುರುವಾರದ ಸಾಲು ಇದೆಯಲ್ಲ — ಅದರ ಮೇಲೆ ಗೀಚಿದೆ. ಗಟ್ಟಿಯಾಗಿ. ಕಾಗದ ಹರಿಯಿತು. ಆದರೂ ಓದಲು ಬರುತ್ತದೆ. ಯಾರೂ ನೋಡದ ಪುಸ್ತಕ, ಯಾರಿಗೆ ಹೆದರಿ ಗೀಚಿದೆನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಲೂ ಇಲ್ಲ.

ಮಾರ್ಚ್ 18, ಮಂಗಳವಾರ

ಬಿಸಿಲು. ಮೊನ್ನೆ ಭಾನುವಾರ ರೇಡಿಯೊ ಹಾಕಲಿಲ್ಲ. ತಂಗಿಯೂ ಹಾಕು ಎನ್ನಲಿಲ್ಲ. ಬರೆಯಲಿಲ್ಲ.

ದಿನಾ ಬರುತ್ತಾಳೆ. ಹತ್ತಿ ತಿರುವಿ ಹಾಕುತ್ತಾಳೆ, ಗಂಟು ಬಿಡಿಸುತ್ತಾಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಇವತ್ತು ದಬ್ಬಣಕ್ಕೆ ದಾರ ಪೋಣಿಸುತ್ತಾ ಹೇಳಿದಳು, ಯಾರದೋ ಮನೆಯ ಸುದ್ದಿಯ ಹಾಗೆ:

"ಆ ಬಟ್ಟೆ ಕೋಣೆ ಕೆಲಸ ಸಿಗಲ್ಲ ಅಕ್ಕಾ. ವಾರ್ಡನಮ್ಮ ಹೇಳಿ ಕಳಿಸಿದ್ರು. ಮರೆವಿನವಳ ಕೈಗೆ ಬೀಗದ ಕೈ ಹೇಗೆ ಕೊಡೋದು ಅಂತ. ನ್ಯಾಯವೇ ಬಿಡು. ಸೋಮವಾರ ಬೇರೆಯವಳಿಗೆ ಕೊಡ್ತಾರಂತೆ."

ಕೈಲಿದ್ದ ಕೋಲು ಕೆಳಗೆ ಹಾಕಿ ಒಳಗೆ ಹೋದೆ. ನೀರು ಕುಡಿಯುವವಳ ಹಾಗೆ ನಿಂತೆ.

ಇದನ್ನು ಬರೆಯದೆ ಬಿಡಬಾರದು. ಬಾಯಲ್ಲಿ ಅಂತೂ ಯಾರಿಗೂ ಹೇಳಲಾರೆ. ಶುಕ್ರವಾರ ಆ ಮಾತು ಆಡುವಾಗ ಆ ಕೆಲಸ ನನಗೆ ನೆನಪಿತ್ತೇ? ನೆನಪಿರಲಿಲ್ಲ ಎಂದುಕೊಂಡು ನಾಲ್ಕು ದಿನ ಇದ್ದೆ. ಸುಳ್ಳು. ನೆನಪಿತ್ತು. ಮೂಲೆಯಲ್ಲಿ ಇತ್ತು, ಕಿಟಕಿ ಸಮೇತ. ಮರೆತೆ ಎಂದು ಅವಳು ಹೇಳಿದಾಗ ನನ್ನೊಳಗೆ ಏನೋ ತಣ್ಣಗಾಯಿತು. ಇನ್ನು ಇವಳು ಎಲ್ಲೂ ಹೋಗುವುದಿಲ್ಲ ಎಂದು.

ಥೂ.

ಮಾರ್ಚ್ 19, ಬುಧವಾರ

ಉಳಿಸಿದ ಐದು ಹಾಸಿಗೆ ಹೊಲಿದಾಗಿತ್ತು. ಗಾಡಿಯಲ್ಲಿ ಹಾಕಿಕೊಂಡು ನಾನೇ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು.

ಉದ್ದನೆಯ ಹಾಲ್. ಖಾಲಿ ಮಂಚಗಳು, ಕೆಳಗೆ ಚಾಪೆಗಳು. ಒಬ್ಬ ಅಜ್ಜಿ ಕಷ್ಟಪಟ್ಟು ಮಂಚದ ಕಾಲು ಹಿಡಿದು ಏಳುತ್ತಿದ್ದಳು. ಮೊದಲ ಹಾಸಿಗೆ ಗಾರ್ಡಪ್ಪನಿಗೆ ಹಾಕಿದೆವು. ಮಲಗಿ ಎಡಕ್ಕೆ ಹೊರಳಿ ನೋಡಿದ.

"ಆಹಾ. ಎಡಗಡೆ ಒಂದು ಹಿಡಿ ಜಾಸ್ತಿ ತುಂಬಿದ್ದಾಳೆ, ನೋಡಿ. ಹೋದ ವರ್ಷ ಒಂದೇ ಒಂದು ಸಲ ಹೇಳಿದ್ದೆ. ನಿಮ್ಮ ತಂಗಿಗೆ ಮರೆವು ಅಂತ ಊಟದ ಮನೆಯಲ್ಲೆಲ್ಲ ಮಾತು. ಈ ಮರೆವು ನನ್ನ ಹೆಂಡತಿಗೂ ಇದ್ದಿದ್ರೆ ಚೆನ್ನಾಗಿತ್ತು!"

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನಕ್ಕು ಬಂದೆ. ಹೇಳಲಿಲ್ಲ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 2

ಹೇಳಿ ಬಂದೆ. ಅಕ್ಷರ ಸೊಟ್ಟ.

ಮಾತು ಊಟದ ಮನೆಯಲ್ಲಿ ತಿರುಗುತ್ತಿತ್ತಲ್ಲ, ಅಲ್ಲಿಗೇ ಹೋದೆ. ಎಲ್ಲರೂ ತಟ್ಟೆ ಮುಂದೆ ಕೂತಿದ್ದರು. ವಾರ್ಡನಮ್ಮ ಬಡಿಸುತ್ತಿದ್ದಳು. ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ. ಕೋಪ ಬಂತು. ನನಗೆ ಬೇರೆ ಏನು ಬರುತ್ತದೆ?

"ಎಲ್ಲರೂ ಕೇಳಿ! ನನ್ನ ತಂಗಿಗೆ ಮರೆವಿಲ್ಲ. ಯಾರು ಹೇಳಿದ್ದು ಮರೆವು ಅಂತ? ಮಳೆ ಬರತ್ತೆ ಅಂತ ಅವಳು ಬಡ್ಕೊಂಡಳು. ಕೇಳದೆ ಬಿಚ್ಚಿದವಳು ನಾನು. ಸುಳ್ಳು ಹೇಳಿದವಳೂ ನಾನೇ."

ಯಾರೂ ಅಗಿಯಲಿಲ್ಲ. ವಾರ್ಡನಮ್ಮ ಸೌಟು ಹಿಡಿದೇ ಹತ್ತಿರ ಬಂದಳು. "ತಂಗಿ ಮೇಲಿನ ಮಮತೆಗೆ ಈಗ ಹೀಗೆ ಹೇಳ್ತಿದ್ದೀರಾ ಅಕ್ಕಾ? ಕೆಲಸ ಹೋಯ್ತಲ್ಲ ಅಂತ?"

ನೋಡು, ನಿಜ ಹೇಳಿದರೆ ನಂಬುವವರಿಲ್ಲ. ಚೀಲದಿಂದ ಈ ಪುಸ್ತಕ ತೆಗೆದೆ. ಒಂಬತ್ತನೇ ತಾರೀಖಿನ ಪುಟ ಬಿಚ್ಚಿ ಹಿಡಿದೆ. ಉಳಿದ ಪುಟಗಳನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಗೀಚಿದ್ದನ್ನೂ ಬೆಳಕಿಗೆ ಹಿಡಿದು ಓದಿದಳು. ಹರಿದ ಕಡೆ ಬೆರಳಾಡಿಸಿದಳು.

"ಇದನ್ನ ಯಾವಾಗ ಗೀಚಿದ್ದು?"

"ನೀವು ಬಂದು ಹೋದ ಸಂಜೆ."

ಅವಳು ನನ್ನ ಮುಖ ನೋಡಲಿಲ್ಲ. ಅದು ಉಪಕಾರ. ಪುಸ್ತಕ ಮುಚ್ಚಿ ಕೊಟ್ಟಳು. "ಇನ್ನೂ ಯಾರಿಗೂ ಬೀಗದ ಕೈ ಕೊಟ್ಟಿಲ್ಲ. ಸೋಮವಾರ ನಿಮ್ಮ ತಂಗಿನ ಕಳಿಸಿ. ಅವರೊಬ್ಬರನ್ನೇ."

ಕಣ್ಣಲ್ಲಿ ನೀರು ಬಂತು, ಅಷ್ಟೂ ಜನರ ಎದುರು. ಆ ಗಾರ್ಡಪ್ಪ ಗೋಡೆಗೆ ಒರಗಿ ಕೂತಿದ್ದವನು ಸುಮ್ಮನಿರಬೇಕಲ್ಲ:

"ರೇಡಿಯೊದವರು ಅಕ್ಕನ ವರದೀನೂ ಕೊಡಬೇಕು. ಗುಡುಗು ಮೊದಲು, ಮಳೆ ತಡವಾಗಿ."

ಬಾಯ್ಮುಚ್ಚು ಎಂದೆ. ಎಲ್ಲರೂ ನಕ್ಕರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಮೊನ್ನೆ ಮಂಚದ ಕಾಲು ಹಿಡಿದು ಎದ್ದವಳು. ಅವಳ ಹಾಸಿಗೆ ಇನ್ನೂ ನನ್ನ ಅಂಗಳದಲ್ಲಿ ಒದ್ದೆಯಾಗಿ ಬಿದ್ದಿದೆ. ಅವಳೇ ಸರಿ.

ಮಾರ್ಚ್ 22, ಶನಿವಾರ

ತಂಗಿಗೆ ಹೇಳಿದೆ. ಅವಳಿಗೆ ಆಗಲೇ ಗಾಡಿಯವನಿಂದ ಗೊತ್ತಾಗಿತ್ತು. ಹೊಲಿಗೆ ನಿಲ್ಲಿಸಲಿಲ್ಲ.

"ಸೋಮವಾರ ಹೋಗ್ತೀನಿ."

"ಹೋಗು."

"ಒಂದು ಮಾತು ಅಕ್ಕಾ. ಅವತ್ತು ಹೌದು ಅಂದಿದ್ದು ನಿನ್ನ ಮೇಲಿನ ಪ್ರೀತಿಗಲ್ಲ. ಹಾಗಂತ ತಿಳ್ಕೊಂಡಿರಬೇಡ. ನೀನು ಸುಳ್ಳು ಹೇಳ್ತಿದ್ದೆ, ನಿನ್ನ ಮುಖ ನೋಡೋಕಾಗ್ಲಿಲ್ಲ. ಬೇಗ ಮುಗೀಲಿ ಅಂತ ಹೌದು ಅಂದೆ."

ಅವಳು ಹೊಲಿಯುತ್ತಿದ್ದ ಹಾಸಿಗೆಯ ಅಂಚು ಎಳೆದು ಹಿಡಿದೆ.

ದಾರ ಕಚ್ಚಿ ತುಂಡು ಮಾಡಿ ಕೇಳಿದಳು. "ಯಾಕೆ ಹಾಗೆ ಹೇಳಿದೆ? ಮಾನ ಹೋಗತ್ತೆ ಅಂತಲಾ, ಅಷ್ಟೇನಾ?"

"ಅಷ್ಟೇ" ಎಂದೆ.

ಮತ್ತೆ ಸುಳ್ಳು. ಅವಳು ಒಂದು ಗಳಿಗೆ ನೋಡಿದಳು, ಚೀಲ ಎತ್ತಿಕೊಂಡು ಹೋದಳು. ಆಗಿನ್ನೂ ಮೂರು ಗಂಟೆ. ಟಾಟಾ ಇಲ್ಲ, ನಾಳೆ ಬರ್ತೀನಿ ಇಲ್ಲ.

ಮಾರ್ಚ್ 23, ಭಾನುವಾರ. ಸಂಜೆ 7

ಬೆಳಿಗ್ಗೆಯಿಂದ ಬಂದಿಲ್ಲ. ಹತ್ತು ಹಾಸಿಗೆಯ ಹತ್ತಿ ಮಾತ್ರ ಬಿಸಿಲಿಗೆ ಹಾಕಿದ್ದೆ. ಹತ್ತೇ. ಟಾರ್ಪಾಲು ಮೆಟ್ಟಿಲ ಹತ್ತಿರ ಇದೆ.

ರೇಡಿಯೊ ನಾನೇ ತಿರುಗಿಸಿದೆ. ಅವಳು ಕೂರುವ ಸ್ಟೂಲಿನ ಮೇಲೆ ಕೂತೆ. ಅವಳ ಹಾಗೆಯೇ ಕಿವಿ ಹಚ್ಚಬೇಕಾಯಿತು, ಬರೀ ಗರಗರ. ಇಷ್ಟು ವರ್ಷ ಇದನ್ನು ಹೇಗೆ ಕೇಳಿ ಹೇಳುತ್ತಿದ್ದಳೋ.

ರೇಡಿಯೊ ಹೇಳಿದ್ದು: ಸೋಮವಾರ ಒಣ ಹವೆ. ಮಂಗಳವಾರ ಹಾಗೇ. ಬುಧವಾರ ಸಂಜೆ ಅಲ್ಲಲ್ಲಿ ಮೋಡ. ಗುರುವಾರ

ಗೇಟು ಸದ್ದಾಯಿತು. ಎಡಗಾಲಿನ ಚಪ್ಪಲಿ ಎಳೆಯುವ ಸದ್ದು, ಅವಳೇ. ಅಂಗಳದಲ್ಲಿ ನಿಂತಿದ್ದಾಳೆ. ಹತ್ತಿಯ ರಾಶಿ ಎಣಿಸುತ್ತಿರಬೇಕು.

ಪುಸ್ತಕ ಮುಚ್ಚಿ ಪೆಟ್ಟಿಗೆಗೆ ಹಾಕಬೇಕು. ಬೇಡ. ಬಾಯಲ್ಲಿ ಬರುವುದಿಲ್ಲ ನನಗೆ. ಆ ಕೆಲಸ ನೆನಪಿತ್ತು ಎಂದು ಬರೆದ ಹದಿನೆಂಟನೇ ತಾರೀಖಿನ ಪುಟ ತೆರೆದು ಸ್ಟೂಲಿನ ಮೇಲೆ ಇಡುತ್ತೇನೆ. ನಾನು ಒಳಗೆ ಹೋಗಿರುತ್ತೇನೆ. ಅವಳು ಬಂದು ಕೂತು ಓದಲಿ.