ಹುಡುಕುವ ಜಾಗದಲ್ಲಿ ನಮಸ್ಕಾರ

ಹಿಂದೂಪುರ

ತಮ್ಮನ ಮಗಳು ಶಿರೀಷಾಗೆ,

ಊಟ ಮಾಡಿ ಆಮೇಲೆ ಓದು, ಸಿಟ್ಟಿನಲ್ಲಿ ಬರೆದದ್ದು.

ಮಗ್ಗಕ್ಕೆ ಡಿಸೈನ್ ಕೊಡುವ ಕಂಪ್ಯೂಟರ್ ಪೆಟ್ಟಿಗೆ ಕೆಟ್ಟು ನಿನ್ನ ಧಾರೆ ಸೀರೆ ಅರ್ಧಕ್ಕೇ ನಿಂತಿತ್ತು. ಪೆಟ್ಟಿಗೆ ಕಂಪನಿಯ ಹೆಲ್ಪ್ ಸೈಟಿನಲ್ಲಿ ಹುಡುಕುವ ಜಾಗದಲ್ಲಿ ‘ದೊಡ್ಡವರಿಗೆ ಕದಿರಮ್ಮ ಮಾಡುವ ನಮಸ್ಕಾರ’ ಎಂದು ಶುರುಮಾಡಿ ಕಷ್ಟವನ್ನೆಲ್ಲ ಬರೆದೆ. ಏನೂ ಸಿಗಲಿಲ್ಲ. ದಾರಿ ಹೇಳುತ್ತೀಯೆಂದು ಬರೆದದ್ದನ್ನೇ ನಿನಗೆ ಕಳಿಸಿದೆ. ನೀನು ಅದನ್ನು ಕಲ್ಯಾಣದುರ್ಗದ ನಿನ್ನ ಆಫೀಸಿನವರಿಗೆಲ್ಲ ಓದಿ ನಗಿಸಿದ್ದು ಫೋನಿನಲ್ಲಿ ನನಗೆ ಕೇಳಿಸಿತು. ‘ಅಲ್ಲಿ ಓದೋಕೆ ಯಾರೂ ಕುಂತಿರಲ್ಲ ಕಣತ್ತೆ, ಎರಡು ಪದ ಹಾಕಿದ್ರೆ ಸಾಕು’ ಅಂದೆ. ಯಾವ ಎರಡು ಎಂದು ಹೇಳದೆ ಫೋನಿಟ್ಟೆ.

ಪೆಟ್ಟಿಗೆಯ ಹೆಸರನ್ನೂ ಅದರ ಮೇಲೆ ಮಿನುಗುತ್ತಿದ್ದ ನಂಬರನ್ನೂ ನಾನೇ ಹಾಕಿದೆ. ಮೊದಲ ಸಾಲಿನಲ್ಲೇ ಉತ್ತರ ಬಂತು. ಮಗ್ಗ ಓಡುತ್ತಿದೆ.

ಸೀರೆ ಸೋಮವಾರ ಮುಗಿಯುತ್ತದೆ, ನೀನೇ ಬಂದು ತೆಗೆದುಕೊಂಡು ಹೋಗು. ಬರುವ ಮೊದಲು, ಅವತ್ತು ನಕ್ಕವರಿಗೆಲ್ಲ ಈ ಕಾಗದವನ್ನೂ ಓದು.

ನಿನ್ನ ಅತ್ತೆ,
ಕದಿರಮ್ಮ