ನಕ್ಷತ್ರವಿದ್ದ ಚೀಟಿ

ಲೆನಿನ್‌ಗ್ರಾದ್
೧೭ ನವೆಂಬರ್ ೧೯೪೯, ಮಧ್ಯಾಹ್ನ

ಪ್ರೀತಿಯ ಮಗಳು ತಾಸ್ಯಾಗೆ,

ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಒಲೆ ಹಚ್ಚುತ್ತಾರೆಯೇ? ಎದೆಗೆ ಉಣ್ಣೆಯ ಶಾಲು ಸುತ್ತಿಕೋ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮೂರಿಗೆ ಹೊರಟ ಕ್ಲಾವಾ ಅತ್ತೆಯ ಬೂಟಿನೊಳಗೆ ಬರುತ್ತಿದೆ. ಅಷ್ಟರಲ್ಲೇ ತಿಳಿದುಕೋ.

ನಾಟಕಶಾಲೆಯ ಕೊನೆಯ ಸಾಲಿಗೂ ದನಿ ಮುಟ್ಟಿಸುತ್ತಿದ್ದ ನಿನ್ನಮ್ಮ ನಾಲ್ಕು ದಿನದಿಂದ ಪಿಸುಗುಟ್ಟುತ್ತಿದ್ದಾಳೆ, ಮಗಳೇ! ಅಪ್ಪ ಇಪ್ಪತ್ತು ವರ್ಷ ಹುಡುಕಿದ, ರಷ್ಯನ್, ಪೋಲಿಷ್ ಎಲ್ಲಕ್ಕೂ ತಾಯಿಯಾದ ಆ ಮೂಲ ಸ್ಲಾವ್ ಭಾಷೆ ಇರಲೇ ಇಲ್ಲವಂತೆ. ಇತ್ತು ಎನ್ನುವವನು ದೇಶದ್ರೋಹಿಯಂತೆ. ವಿಶ್ವವಿದ್ಯಾಲಯದ ಸಭೆಯಲ್ಲಿ ಹಾಗೆಂದು ಗುಡುಗಿದವನು ಯಾರು? ನಮ್ಮ ಮನೆಯ ಕೋಸಿನ ಸಾರು ಕುಡಿದು ಬೆಳೆದ ಶಿಷ್ಯ ಗ್ಲೆಬ್! ನಾಳೆ ಹತ್ತು ಗಂಟೆಗೆ ಅಪ್ಪ ಪದಗಳನ್ನು ಬರೆದಿಟ್ಟ ಚೀಟಿಪೆಟ್ಟಿಗೆಗಳನ್ನು ಶೋಧಿಸಲು ತನಿಖೆಯವರು ಬರುತ್ತಾರೆ. ಯಾವ ಬರಹದಲ್ಲೂ ಸಿಗದ, ಊಹಿಸಿ ಕಟ್ಟಿದ ಪದದ ಮುಂದೆ ಅಪ್ಪ ಚಿಕ್ಕ ನಕ್ಷತ್ರ ಬರೆಯುವುದು ನಿನಗೆ ಗೊತ್ತಲ್ಲ, ಆ ನಕ್ಷತ್ರವೇ ಈಗ ಸಾಕ್ಷಿ. ಅಳಿಸುತ್ತಿದ್ದೇವೆ. ರಬ್ಬರು ಸವೆದುಹೋಗಿ ರೊಟ್ಟಿಯ ತಿರುಳಿನಿಂದ ಉಜ್ಜುತ್ತಿದ್ದೇವೆ. ಜರ್ಮನ್ನರ ಮುತ್ತಿಗೆಯ ಚಳಿಗಾಲದಲ್ಲಿ ದಿನದ ನೂರಿಪ್ಪತ್ತೈದು ಗ್ರಾಂ ರೊಟ್ಟಿಗೆ ಸಾಲುನಿಂತ ಈ ಕೈಗಳಿಂದ! ಅಡುಗೆಮನೆ ಹಂಚಿಕೊಂಡಿರುವ ಪಕ್ಕದ ಕೋಣೆಯ ಫಯೀನಾ ಕಸದ ಬುಟ್ಟಿ ನೋಡಿ, "ಏನ್ ಗುಸ್ತಾ, ರೊಟ್ಟಿ ಬಿಸಾಕೋ ಅಷ್ಟು ಸಾಹುಕಾರ್ತಿ ಆಗ್ಬಿಟ್ಯಾ?" ಎಂದಳು. "ಇಲಿ ಮುಟ್ಟಿತ್ತು ಕಣೇ" ಎಂದೆ. ನಕ್ಕಳು. ಆ ನಗು ಇನ್ನೂ ನಮ್ಮ ಬಾಗಿಲ ಹೊರಗೇ ನಿಂತಿದೆ.

ಕಣ್ಣು, ಮೂಗು, ನಾಲಿಗೆ, ಮೊಣಕಾಲು, ಎಲ್ಲ ಪದಗಳ ಚೀಟಿ ಅಳಿಸಿ ಮುಗಿಯಿತು. ಕೈಯ ಚೀಟಿಯೊಂದೇ ಸಿಗುತ್ತಿಲ್ಲ. 'ರೊಂಕಾ'. ನೆನಪಿದೆಯೇ? ಲಿಥುವೇನಿಯಾದವರು ಇಂದಿಗೂ ಕೈಗೆ ರಂಕಾ ಎನ್ನುತ್ತಾರೆ, ಆರಿಸಿ ಕೂಡಿಸುವುದಕ್ಕೂ ಅದೇ ಬೇರಿನ ಮಾತು, ಹಾಗಾದರೆ ನಮ್ಮ ಹಿರಿಯರಿಗೂ ಕೈ ಎಂದರೆ ಕೂಡಿಸುವಂಥದ್ದು ಎಂದು ಅಪ್ಪ ಊಟ ಬಿಟ್ಟು ಕುಣಿದಿದ್ದರು: "ಗುಸ್ತಾ, ಕೈ ಇರೋದು ಹೊಡಿಯೋಕಲ್ಲ ಕಣೇ, ಬಾಚಿ ತರೋಕೆ!" ಅದಕ್ಕಾಗಿ ಹಾಸಿಗೆ ಬಿಚ್ಚಿದೆವು, ಗಡಿಯಾರದ ಹೊಟ್ಟೆಯೊಳಗೂ ನೋಡಿದೆವು. ಗ್ಲೆಬ್ ಒಯ್ದಿದ್ದರೆ ನಮ್ಮ ಕಥೆ ಮುಗಿಯಿತು. ಅಪ್ಪ ಕೋಟು ತೊಟ್ಟೇ ಕೂತಿದ್ದಾರೆ, ಹಿಡಿದೊಯ್ದರೆ ಇರಲೆಂದು ಜೇಬಿನಲ್ಲಿ ಎರಡು ಜೊತೆ ಕಾಲುಚೀಲ.

ನೀನು ಬೆಚ್ಚಗಿರು, ಒಳ್ಳೆಯವರ ನಡುವೆ ಇರು. ಇಬ್ಬರ ಮುತ್ತುಗಳು ನಿನ್ನ ಹಣೆಗೆ.

ನಿನ್ನ ಅಮ್ಮ,
ಅವ್ಗುಸ್ತಾ

ತಾ.ಕ.: ಅಯ್ಯೋ ತಾಸ್ಯಾ! ಅಪ್ಪನಿಗೆ ಈಗ ನೆನಪಾಯಿತು. ಬೇರೆ ಕಾಗದ ಸಿಗದೆ ನಿನ್ನ ಹುಟ್ಟುಹಬ್ಬದ ಹಾರೈಕೆಯನ್ನು ಆ ಚೀಟಿಯ ಬೆನ್ನಿಗೇ ಬರೆದು ಕಳಿಸಿದ್ದರಂತೆ! "ನಕ್ಷತ್ರ ಮುದ್ದಾಗಿದೆ ಅಮ್ಮಾ, ಅದೇ ಮುಖ ಕಾಣೋ ಹಾಗೆ ಮಂಚದ ಮೇಲ್ಗಡೆ ಅಂಟಿಸಿದೀನಿ, ಬಂದೋರೆಲ್ಲ ಕೇಳ್ತಾರೆ" ಎಂದು ನೀನೇ ಬರೆದಿದ್ದೆಯಲ್ಲ. ಕಿತ್ತುಹಾಕು. ಈಗಲೇ. ಸುಡು, ಈ ಕಾಗದವನ್ನೂ ಸುಡು. ಸುಡುವ ಮುಂಚೆ ಆ ಪದವನ್ನು ಬಾಯಿಪಾಠ ಮಾಡಿಕೋ, ನಕ್ಷತ್ರ ಸಮೇತ.